ಅಂಬಾಸಿಡರ್ ಕಾರಿನ ಓಟಗಾರ ಅಣ್ಣ

ಮಕ್ಕಳೇ, ಮೊದಲು ಒಂದು ಒಗಟು. ನಿಮ್ಮ ಅಜ್ಜನ ಮದುವೆ ದಿಬ್ಬಣದಲ್ಲಿ ಹೂವಿನ ಹಾರ ಹಾಕಿಕೊಂಡು ಬಂದ ಅಂಬಾಸಿಡರ್ ಕಾರಿಗೂ, ಎರಡೇ ಸೀಟಿನ, ತಲೆಯ ಮೇಲೆ ಛಾವಣಿಯಿಲ್ಲದ ಇಂಗ್ಲೆಂಡಿನ ರೇಸ್ ಕಾರಿಗೂ ಏನು ನೆಂಟಸ್ತನ?

ಇದನ್ನು ಕೇಳಿ ಅಜ್ಜ ಅಜ್ಜಿಯರು ನಗಬಹುದು. ಅಂಬಾಸಿಡರ್ ಎಂದರೆ ದುಂಡು ಹೊಟ್ಟೆಯ ಸಂಭಾವಿತ. ಎಂಟು ಜನ, ನಾಲ್ಕು ಟ್ರಂಕು, ಮೇಲೊಂದು ಹಲಸಿನ ಹಣ್ಣು ಹೊತ್ತು ಧರ್ಮಸ್ಥಳಕ್ಕೆ ಹೋಗಿಬರುವ ಕಾರು. ಅದಕ್ಕೂ ರೇಸಿಗೂ ಎಲ್ಲಿಯ ಮಾತು? ಆದರೆ ಬಾನೆಟ್ ಎತ್ತಿ ನೋಡಿದರೆ ಗುಟ್ಟು ತಿಳಿಯುತ್ತದೆ.

ಒಂದೇ ಮನೆತನ

1955ರಲ್ಲಿ ಇಂಗ್ಲೆಂಡಿನ ಅಬಿಂಗ್ಡನ್ ಊರಿನ ಕಾರ್ಖಾನೆಯಿಂದ ಎಂ.ಜಿ.ಎ. ಎಂಬ ಕಾರು ಹೊರಬಂತು. ಎಂ.ಜಿ. ಎಂದರೆ ಮಾರಿಸ್ ಗ್ಯಾರೇಜಸ್. ಈಗ ಬೆಂಗಳೂರಿನ ರಸ್ತೆಗಳಲ್ಲಿ ಓಡಾಡುವ ಎಂ.ಜಿ. ವಿದ್ಯುತ್ ಕಾರುಗಳ ಮುಂದೆ ಎಂಟು ಮೂಲೆಯ ಬಿಲ್ಲೆ ನೋಡಿದ್ದೀರಲ್ಲ, ಆ ಬಿಲ್ಲೆ ಅಲ್ಲಿಂದಲೇ ಬಂದದ್ದು. ಎಂ.ಜಿ.ಎ. ಕಾರಿನ ಇಂಜಿನ್ ನಾಲ್ಕು ಸಿಲಿಂಡರಿನದು, 1489 ಸಿ.ಸಿ. ಇದೇ ಮನೆತನದ 1489 ಸಿ.ಸಿ. ಇಂಜಿನ್ 1959ರಲ್ಲಿ ನಮ್ಮ ಅಂಬಾಸಿಡರ್ ಕಾರಿಗೂ ಬಂತು. ಅಣ್ಣ ಓಟಗಾರ, ತಮ್ಮ ಹೊರೆ ಹೊರುವವನು, ಅಷ್ಟೇ. ಅಣ್ಣನಿಗೆ ಎರಡು ಕಾರ್ಬುರೇಟರ್, ಸುಮಾರು 70 ಕುದುರೆಶಕ್ತಿ. ತಮ್ಮನಿಗೆ ಒಂದೇ ಕಾರ್ಬುರೇಟರ್, 50ರ ಆಸುಪಾಸಿನ ಶಕ್ತಿ.

ಇಂಥದೇ ಇನ್ನೊಂದು ಜೋಡಿಯೂ ಇತ್ತು. 1961ರಿಂದ ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರನ್ನು ಅನೇಕ ಹಿರಿಯರು ಓಡಿಸಿರಬಹುದು. ಬಾನೆಟ್ಟು ಮೊಸಳೆ ಬಾಯಿಯಂತೆ ತೆರೆಯದೆ, ರೆಕ್ಕೆಗಳ ಸಮೇತ ಮುಂದಕ್ಕೆ ಮಗುಚಿಕೊಳ್ಳುತ್ತಿದ್ದ ಕಾರು ಅದು. ಅದೇ ಹೆರಾಲ್ಡ್ ಕಾರಿನ ಅಡಿಚೌಕಟ್ಟನ್ನು ಗಿಡ್ಡ ಮಾಡಿ 1962ರಲ್ಲಿ ಇಂಗ್ಲೆಂಡಿನವರು ಟ್ರಯಂಫ್ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ಕಟ್ಟಿದರು. ಎರಡರ ಇಂಜಿನ್ನೂ ಒಂದೇ ಕುಲದ್ದು. ಹೀಗೆ ಆ ಕಾಲದ ನಮ್ಮ ಮೆಕ್ಯಾನಿಕ್‌ಗಳು ಗೊತ್ತಿದ್ದೋ ಗೊತ್ತಿಲ್ಲದೆಯೋ ರೇಸ್ ಕಾರುಗಳ ಒಡಹುಟ್ಟುಗಳನ್ನೇ ದಿನವೂ ಬಿಚ್ಚಿ ಜೋಡಿಸುತ್ತಿದ್ದರು.

ವಿಮಾನದ ಹಾದಿಯಲ್ಲಿ ಕಾರಿನ ಓಟ

ನಮ್ಮ ಪುಟ್ಟೇನಹಳ್ಳಿಯ ಒಂದು ಮಗ್ಗುಲಿಗೆ ಯಲಹಂಕ ವಾಯುನೆಲೆ, ಇನ್ನೊಂದು ದಿಕ್ಕಿಗೆ ಜಕ್ಕೂರು ವಿಮಾನ ಮೈದಾನ. ಇಲ್ಲಿನ ಮಕ್ಕಳಿಗೆ ಉದ್ದನೆಯ ರನ್‌ವೇ ಎಂದರೆ ಏನೆಂದು ಹೇಳಿಕೊಡಬೇಕಿಲ್ಲ. ಕಾರಿನ ರೇಸು ಬೆಳೆದದ್ದು ಇಂಥ ರನ್‌ವೇಗಳ ಮೇಲೆಯೇ. ಎರಡನೇ ಮಹಾಯುದ್ಧ ಮುಗಿದ ಮೇಲೆ ಇಂಗ್ಲೆಂಡಿನಲ್ಲಿ ಎಷ್ಟೋ ಯುದ್ಧಕಾಲದ ವಿಮಾನ ಮೈದಾನಗಳು ಕೆಲಸವಿಲ್ಲದೆ ಬಿದ್ದಿದ್ದವು. ಸಿಲ್ವರ್‌ಸ್ಟೋನ್ ಮತ್ತು ಗುಡ್‌ವುಡ್ ಎರಡೂ ಹಾಗೆ ಬಿದ್ದಿದ್ದವೇ. 1948ರಲ್ಲಿ ಅಲ್ಲಿ ಕಾರಿನ ಓಟ ಶುರುವಾಯಿತು.

ನಮ್ಮ ಕಡೆ ಮದರಾಸಿನ ಹತ್ತಿರದ ಶೋಲಾವರಂ ಕೂಡ ಯುದ್ಧಕಾಲದ ವಿಮಾನ ಮೈದಾನ. 1953ರಲ್ಲಿ ಹುಟ್ಟಿದ ಮದರಾಸು ಮೋಟರ್ ಸ್ಪೋರ್ಟ್ಸ್ ಕ್ಲಬ್ಬಿನವರು ಅಲ್ಲಿ ವರ್ಷಗಟ್ಟಲೆ ರೇಸು ನಡೆಸಿದರು. 1990ರಲ್ಲಿ ಇರುಂಗಾಟ್ಟುಕೋಟೈಯಲ್ಲಿ ರೇಸಿಗೆಂದೇ ಹಾದಿ ಸಿದ್ಧವಾಗುವವರೆಗೂ ದಕ್ಷಿಣದವರಿಗೆ ಶೋಲಾವರಮ್ಮೇ ಜಾತ್ರೆ. ವಿದೇಶದಿಂದ ಹೊಸ ಕಾರು ತರಿಸುವುದು ಆಗ ಸುಲಭವಿರಲಿಲ್ಲ. ಇದ್ದ ಹೆರಾಲ್ಡ್, ಫಿಯೆಟ್, ಅಂಬಾಸಿಡರ್‌ಗಳನ್ನೇ ಕೊರೆದು, ಉಜ್ಜಿ, ತೂಗಿ ಓಟಕ್ಕೆ ಅಣಿ ಮಾಡುತ್ತಿದ್ದರು.

ಆ ಓಟದಲ್ಲಿ ಕರ್ನಾಟಕದ ಪಾಲೂ ಇದೆ. 1982ರಲ್ಲಿ ಬೆಂಗಳೂರಿನ ಸಿಪಾನಿಯವರು ಡಾಲ್ಫಿನ್ ಎಂಬ ಪುಟಾಣಿ ಕಾರು ತಂದರು. ಅದು ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ಪಡಿಯಚ್ಚು. ಮೈ ಫೈಬರ್ ಗ್ಲಾಸಿನದು, 848 ಸಿ.ಸಿ. ಇಂಜಿನ್ ಅಲ್ಯೂಮಿನಿಯಮ್ಮಿನದು. ತೂಕ ಅಂಬಾಸಿಡರ್ ಕಾರಿನ ಹೆಚ್ಚುಕಡಿಮೆ ಅರ್ಧ. ಪೇಟೆಯಲ್ಲಿ ಅದನ್ನು ಕೊಂಡವರು ಕಡಿಮೆ. ಆದರೆ ಹಗುರ ಮೈ ನೋಡಿದ ರೇಸಿನವರು ಬಿಡಲಿಲ್ಲ. ಕೊಯಮತ್ತೂರಿನ ಎಸ್. ಕರಿವರ್ಧನ್ ಅವರ ‘ಬ್ಲ್ಯಾಕ್ ಬ್ಯೂಟಿ’ ಎಂಬ ಕಪ್ಪು ಡಾಲ್ಫಿನ್ ಶೋಲಾವರಂನಲ್ಲಿ ಹೆಸರು ಮಾಡಿತು. ಕೊಯಮತ್ತೂರಿನ ಕರಿ ಸ್ಪೀಡ್‌ವೇ ಎಂಬ ರೇಸ್ ಹಾದಿಗೆ ಇರುವುದು ಅವರದೇ ಹೆಸರು.

ಉಸಿರು ಸಮವಾಗಬೇಕು

ಈಗ ಮುಖ್ಯ ಪ್ರಶ್ನೆಗೆ ಬರೋಣ. ಇಂಥ ಇಂಜಿನ್ನನ್ನು ರೇಸಿಗೆ ಟ್ಯೂನ್ ಮಾಡುವುದು ಎಂದರೇನು? ಹೆಚ್ಚು ಪೆಟ್ರೋಲ್ ಸುರಿಯುವುದು ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲ. ತಂಬೂರಿಯ ನಾಲ್ಕು ತಂತಿಯನ್ನು ಶ್ರುತಿ ಮಾಡುವಂತೆ, ನಾಲ್ಕು ಸಿಲಿಂಡರುಗಳು ಒಂದೇ ಸಮ ಕೆಲಸ ಮಾಡುವಂತೆ ಮಾಡುವುದು. ಮೂರು ಸಿಲಿಂಡರ್ ಎಷ್ಟೇ ಜೋರಾಗಿದ್ದರೂ ನಾಲ್ಕನೆಯದು ಸೋಮಾರಿಯಾದರೆ ಓಟ ಕೆಟ್ಟಿತು.

ಮೊದಲನೆಯದು ಉಸಿರು. ಪೆಟ್ರೋಲ್ ಪೂರ್ತಿ ಉರಿಯಲು 1 ಗ್ರಾಂ ಪೆಟ್ರೋಲಿಗೆ ಸುಮಾರು 14.7 ಗ್ರಾಂ ಗಾಳಿ ಬೇಕು. ಈ ಲೆಕ್ಕವನ್ನು ನೋಡಿಕೊಳ್ಳುವುದೇ ಕಾರ್ಬುರೇಟರ್. ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳಲ್ಲಿ ಹೆಚ್ಚಾಗಿ ಇದ್ದದ್ದು ಎಸ್.ಯು. ಕಾರ್ಬುರೇಟರ್. ಅದನ್ನು ಕಂಡುಹಿಡಿದ ಸ್ಕಿನ್ನರ್ ಸಹೋದರರದು ಚಪ್ಪಲಿ, ಬೂಟು ಮಾಡುವ ಮನೆತನ! ಹಾಗಾಗಿ ಮೊದಮೊದಲ ಕಾರ್ಬುರೇಟರುಗಳಲ್ಲಿ ತಿದಿಯಂಥ ಚರ್ಮದ ಚೀಲ ಇತ್ತು. ಆಮೇಲೆ ಅದರ ಜಾಗಕ್ಕೆ ಲೋಹದ ಪಿಸ್ಟನ್ ಬಂತು. ಇಂಜಿನ್ ಜೋರಾಗಿ ಉಸಿರೆಳೆದರೆ ಈ ಪಿಸ್ಟನ್ ಮೇಲೇಳುತ್ತದೆ. ಅದರ ಬುಡದಲ್ಲಿರುವ ಮೊನೆ ಸೂಜಿಯೂ ಜೊತೆಗೇ ಏಳುತ್ತದೆ. ಸೂಜಿ ಎದ್ದಷ್ಟೂ ಕೆಳಗಿನ ತೂತು ದೊಡ್ಡದಾಗಿ ಪೆಟ್ರೋಲ್ ಹೆಚ್ಚು ಬರುತ್ತದೆ. ಎಷ್ಟು ಸರಳ!

ಎರಡು ಕಾರ್ಬುರೇಟರ್ ಇದ್ದಾಗ ಎರಡರ ಉಸಿರೂ ಸಮ ಇರಬೇಕು. ಅದನ್ನು ನೋಡುವುದು ಹೇಗೆ? ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಮನೆಯ ಹತ್ತಿರದ ಶೆಡ್ಡಿಗೆ ಒಂದು ಹಳೆಯ ಹೆರಾಲ್ಡ್ ಬಂದಿತ್ತು. ಅದಕ್ಕೆ ಯಾರೋ ಹಿಂದೆ ಎರಡು ಎಸ್.ಯು. ಕೂರಿಸಿದ್ದರು. ಮೇಸ್ತ್ರಿಗೆ ನನ್ನಷ್ಟೇ ವಯಸ್ಸು. ಒಂದು ಮೊಳ ರಬ್ಬರ್ ಕೊಳವೆ ತೆಗೆದು ನನ್ನ ಮೊಮ್ಮಗಳ ಕೈಗೆ ಕೊಟ್ಟು, “ಒಂದು ತುದಿ ಕಿವಿಗೆ ಇಟ್ಕೋಮ್ಮ, ಇನ್ನೊಂದು ತುದಿ ನಾನು ಹಿಡೀತೀನಿ. ಏನು ಕೇಳುತ್ತೆ ಹೇಳು” ಅಂದರು.

“ಸುಸ್ ಅಂತ ಕೇಳುತ್ತೆ ತಾತ.”

ಕೊಳವೆಯನ್ನು ಎರಡನೆಯದರ ಬಾಯಿಗೆ ಹಿಡಿದರು. “ಈಗ?”

“ಇದು ಇನ್ನೂ ಜೋರು.”

“ಅದನ್ನ ಸ್ವಲ್ಪ ಕಮ್ಮಿ ಮಾಡಬೇಕು, ನೋಡು” ಎಂದು ಒಂದು ಸ್ಕ್ರೂ ಕೂದಲೆಳೆಯಷ್ಟು ತಿರುಗಿಸಿದರು. ನಾಲ್ಕೈದು ಸಲ ಕೇಳಿ ಕೇಳಿ ತಿರುಗಿಸಿದ ಮೇಲೆ ಎರಡರ ಸದ್ದೂ ಒಂದಾಯಿತು. ಗಡಗಡ ನಡುಗುತ್ತಿದ್ದ ಕಾರು ಹೊಲಿಗೆ ಯಂತ್ರದಂತೆ ನಿಂತಿತು. ಕಂಪ್ಯೂಟರ್ ಇಲ್ಲ, ಮೀಟರ್ ಇಲ್ಲ. ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದ ಹಾಗೆ!

ಪೆಟ್ರೋಲಿನ ಲೆಕ್ಕಕ್ಕೂ ಇಂಥದೇ ಪರೀಕ್ಷೆ. ಇಂಜಿನ್ ಓಡುತ್ತಿರುವಾಗ ಕಾರ್ಬುರೇಟರಿನ ಪಿಸ್ಟನ್ನನ್ನು ಒಂದು ಮಿಲಿಮೀಟರಿಗೂ ಕಡಿಮೆ ಎತ್ತಬೇಕು. ಇಂಜಿನ್ನಿನ ವೇಗ ಏರಿ ಹಾಗೇ ನಿಂತರೆ ಪೆಟ್ರೋಲ್ ಹೆಚ್ಚಾಗಿದೆ. ಬಿಕ್ಕಿ ಆಫ್ ಆಗುವಂತಾದರೆ ಕಡಿಮೆಯಾಗಿದೆ. ಕೊಂಚ ಏರಿ ಮತ್ತೆ ಸಮಕ್ಕೆ ಬಂದರೆ ಸರಿಯಾಗಿದೆ.

ಕಿಡಿ ಮತ್ತು ತೂಕ

ಎರಡನೆಯದು ಕಿಡಿ. ಸಿಲಿಂಡರುಗಳು 1, 2, 3, 4 ಎಂದು ಸಾಲಾಗಿ ಉರಿಯುವುದಿಲ್ಲ. 1, 3, 4, 2 ಎಂಬ ಕ್ರಮದಲ್ಲಿ ಉರಿಯುತ್ತವೆ. ಹೀಗಿದ್ದರೆ ಒಳಗಿನ ಹೊರೆ ಹಂಚಿಹೋಗುತ್ತದೆ. ಸ್ಪಾರ್ಕ್ ಪ್ಲಗ್ಗಿನ ಎರಡು ತುದಿಗಳ ನಡುವಿನ ಸಂದು 0.64 ಮಿಲಿಮೀಟರ್. ಅದನ್ನು ಫೀಲರ್ ಗೇಜ್ ಎಂಬ ತೆಳು ಪಟ್ಟಿ ತೂರಿಸಿ ಅಳೆಯುತ್ತಾರೆ. ಓಡಿಸಿದ ಮೇಲೆ ಪ್ಲಗ್ ಬಿಚ್ಚಿ ಬಣ್ಣ ನೋಡುತ್ತಾರೆ. ತಿಳಿಕಂದು ಇದ್ದರೆ ಆರೋಗ್ಯ. ಮಸಿ ಕಪ್ಪಾದರೆ ಪೆಟ್ರೋಲ್ ಹೆಚ್ಚು. ಬೆಳ್ಳಗೆ ಸುಟ್ಟಂತಿದ್ದರೆ ಕಡಿಮೆ. ಹಾಗೇ ಓಡಿಸಿದರೆ ಪಿಸ್ಟನ್ ಕರಗುವ ಭಯ.

ಮೂರನೆಯದು ತೂಕ. ಇದನ್ನು ಲೆಕ್ಕ ಇಷ್ಟಪಡುವ ಮಕ್ಕಳು ಗಮನವಿಟ್ಟು ಓದಿ. ಎಂ.ಜಿ.ಎ. ಇಂಜಿನ್ನಿನಲ್ಲಿ ಪಿಸ್ಟನ್ ಮೇಲಿಂದ ಕೆಳಕ್ಕೆ ಓಡುವ ದೂರ 88.9 ಮಿಲಿಮೀಟರ್. ರೇಸಿನಲ್ಲಿ ಇಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗಿದರೆ ಸೆಕೆಂಡಿಗೆ 100 ಸುತ್ತು. ಒಂದು ಸುತ್ತಿಗೆ ಪಿಸ್ಟನ್ ಒಮ್ಮೆ ಇಳಿದು ಒಮ್ಮೆ ಏರಬೇಕು. ಅಂದರೆ ಸೆಕೆಂಡಿಗೆ 200 ಸಲ ನಿಂತು, ದಿಕ್ಕು ಬದಲಿಸಿ, ಮತ್ತೆ ಓಡಬೇಕು! ಒಂದು ಪಿಸ್ಟನ್ ಉಳಿದವಕ್ಕಿಂತ ಬರೀ 10 ಗ್ರಾಂ ಹೆಚ್ಚಿದ್ದರೂ, ಆ ವೇಗದಲ್ಲಿ ಅದು ಸುಮಾರು 18 ಕಿಲೋ ಭಾರ ಜಗ್ಗಿದಂತೆ ಇಂಜಿನ್ನನ್ನು ಜಗ್ಗುತ್ತದೆ. ಅದಕ್ಕೇ ರೇಸಿನವರು ಪಿಸ್ಟನ್, ಕನೆಕ್ಟಿಂಗ್ ರಾಡ್ ಎಲ್ಲವನ್ನೂ ಚಿನಿವಾರರಂತೆ ತಕ್ಕಡಿಯಲ್ಲಿಟ್ಟು ತೂಗುತ್ತಾರೆ. ಹೆಚ್ಚಿದ್ದದ್ದನ್ನು ಉಜ್ಜಿ ಉಜ್ಜಿ ಎಲ್ಲಕ್ಕಿಂತ ಹಗುರವಾದುದಕ್ಕೆ ಸಮ ಮಾಡುತ್ತಾರೆ. ಬ್ಯಾಂಕಿನಲ್ಲಿ ಲೆಜರ್ ಬರೆದ ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಒಂದು ರೂಪಾಯಿ ತಾಳೆಯಾಗದಿದ್ದರೆ ರಾತ್ರಿ ಎಂಟಾದರೂ ಯಾರೂ ಮನೆಗೆ ಹೊರಡುವಂತಿರಲಿಲ್ಲ.

ಓಡುವ ಮೊದಲು ನಿಲ್ಲಬೇಕು

ಒಳ್ಳೆಯ ಮೇಸ್ತ್ರಿ ಇಂಜಿನ್ ಮುಟ್ಟುವ ಮೊದಲು ಬ್ರೇಕ್ ನೋಡುತ್ತಾನೆ. ವೇಗ ಎರಡರಷ್ಟಾದರೆ ನಿಲ್ಲಿಸುವ ಕೆಲಸ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. 40 ಕಿ.ಮೀ. ವೇಗದಲ್ಲಿ ನಿಲ್ಲಿಸಿದ ಬ್ರೇಕು 80ರಲ್ಲಿ ನಾಲ್ಕು ಪಟ್ಟು ಬಿಸಿಯನ್ನು ನುಂಗಬೇಕು. ಮೊದಲ ಎಂ.ಜಿ.ಎ. ಕಾರಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕೇ ಇತ್ತು. 1959ರ ಮಾದರಿಯಲ್ಲಿ ಮುಂದಿನ ಚಕ್ರಗಳಿಗೆ ಡಿಸ್ಕ್ ಬಂತು. ತಂತಿ ಚಕ್ರವಿದ್ದರೆ ಒಂದೊಂದು ಕಡ್ಡಿಯನ್ನೂ ಸ್ಪ್ಯಾನರಿನಿಂದ ತಟ್ಟಿ ಕೇಳುತ್ತಾರೆ. ಬಿಗಿಯಾದ ಕಡ್ಡಿ ‘ಟಿಣ್’ ಎನ್ನುತ್ತದೆ, ಸಡಿಲವಾದದ್ದು ‘ಟಪ್’ ಎನ್ನುತ್ತದೆ. ರೇಸಿನಲ್ಲಿ ಮೊದಲು ಬರುವುದಕ್ಕಿಂತ ಮುಂಚೆ ಕೊನೆಯವರೆಗೂ ಸುರಕ್ಷಿತವಾಗಿ ಓಡಬೇಕಲ್ಲವೇ?

ಈ ಕಿವಿಗಳು ಉಳಿಯಬೇಕು

ಹಳೆಯ ಕಾರುಗಳಿಗೆ ಈಗ ಕಾಲ ಕಠಿಣವಾಗಿದೆ. ಮೊದಲು ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು. ಅದು ನಮ್ಮ ಆರೋಗ್ಯಕ್ಕೆ ವಿಷ, ಆದರೆ ಇಂಜಿನ್ನಿನ ವಾಲ್ವ್ ಕೂರುವ ಜಾಗ ಸವೆಯದಂತೆ ಕಾಪಾಡುತ್ತಿತ್ತು. 2000ದಲ್ಲಿ ನಮ್ಮ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತಿತು; ಒಳ್ಳೆಯದೇ ಆಯಿತು. ಹಳೆಯ ಇಂಜಿನ್ನುಗಳಿಗೆ ಲೇತ್ ಶಾಪಿನಲ್ಲಿ ಗಟ್ಟಿ ಲೋಹದ ಬಳೆ ಕೂರಿಸಬೇಕಾಯಿತು. ಈಗ ಬಂಕಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್. ಅದು ನೀರನ್ನು ಹೀರುತ್ತದೆ, ಹಳೆಯ ರಬ್ಬರ್ ಪೈಪುಗಳನ್ನು, ಕಾರ್ಕ್ ಬಿರಡೆಗಳನ್ನು ತಿನ್ನುತ್ತದೆ. ಅದಕ್ಕೆ ಗಾಳಿಯೂ ಕಡಿಮೆ ಸಾಕು. ಹಾಗಾಗಿ ಹಳೆಯ ಲೆಕ್ಕ ತಪ್ಪುತ್ತದೆ. ಎಸ್.ಯು. ಕಾರ್ಬುರೇಟರಿನ ಕೆಳಗೆ ಆರು ಮುಖದ ಒಂದು ನಟ್ಟು ಇದೆ. ಅದನ್ನು ಒಂದೊಂದೇ ಮುಖ ತಿರುಗಿಸಿ, ಪ್ಲಗ್ಗಿನ ಬಣ್ಣ ನೋಡಿ ಮತ್ತೆ ತಾಳೆ ಮಾಡಬೇಕು.

ಪೈಪು ಹೊಸದು ಸಿಗುತ್ತದೆ. ಬಳೆ ಕೂರಿಸಬಹುದು. ಆದರೆ ‘ಸುಸ್’ ಎಂಬ ಸದ್ದು ಕೇಳಿ ಎಷ್ಟು ತಿರುಗಿಸಬೇಕೆಂದು ಹೇಳುವ ಕಿವಿ ಅಂಗಡಿಯಲ್ಲಿ ಸಿಗುವುದಿಲ್ಲ. ಅಂಥ ಮೇಸ್ತ್ರಿಗಳಿಗೆ ಈಗ ಎಪ್ಪತ್ತು ದಾಟಿದೆ. ಇಂಗ್ಲೆಂಡಿನ ಗುಡ್‌ವುಡ್ಡಿನಲ್ಲಿ 1998ರಿಂದ ಹಳೆಯ ಕಾರುಗಳದೇ ರೇಸು ಮತ್ತೆ ನಡೆಯುತ್ತಿದೆ. ಅಲ್ಲಿ ಓಡುವ ಕಾರುಗಳಿಗೆ ಅರುವತ್ತು ವರ್ಷಕ್ಕೂ ಮೇಲ್ಪಟ್ಟ ವಯಸ್ಸು. ಕೆಲಸ ಬಲ್ಲವರಿಂದ ಕಿರಿಯರು ಕಲಿತದ್ದರಿಂದಲೇ ಅವು ಇನ್ನೂ ಓಡುತ್ತಿವೆ.

ಮಕ್ಕಳೇ, ಶ್ರೀರಂಗಪಟ್ಟಣದ ಕಡೆ ಹೋದರೆ ಡಾ. ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ‘ಪಯಣ’ ಕಾರ್ ಮ್ಯೂಸಿಯಂ ನೋಡಿ ಬನ್ನಿ. ಆದರೆ ಅದಕ್ಕೂ ಮೊದಲು ಮನೆಯಲ್ಲಿ ಒಂದು ಕೆಲಸ ಮಾಡಿ. ಒಂದು ನೋಟ್‌ಬುಕ್ ತೆಗೆದುಕೊಂಡು ಅಜ್ಜ ಅಜ್ಜಿಯ ಪಕ್ಕ ಕುಳಿತು ಕೇಳಿ: “ಚಳಿಗಾಲದ ಬೆಳಿಗ್ಗೆ ನಿಮ್ಮ ಗಾಡಿ ಸ್ಟಾರ್ಟ್ ಆಗದಿದ್ದರೆ ಏನು ಮಾಡ್ತಿದ್ರಿ?” ಚೋಕ್ ಎಳೆದದ್ದು, ಪ್ಲಗ್ ಬಿಚ್ಚಿ ಉಪ್ಪುಕಾಗದದಲ್ಲಿ ಉಜ್ಜಿದ್ದು, ಹ್ಯಾಂಡಲ್ ಹಾಕಿ ತಿರುಗಿಸಿದ್ದು, ಬೀದಿಯವರೆಲ್ಲ ಸೇರಿ ತಳ್ಳಿದ್ದು ಎಲ್ಲ ಹೊರಬರುತ್ತದೆ. ಅವರು ಹೇಳಿದ ಹಾಗೇ ಬರೆದುಕೊಳ್ಳಿ. ಹತ್ತು ಪುಟ ತುಂಬಿದರೆ ಅದೇ ನಿಮ್ಮ ಮೊದಲ ಮೆಕ್ಯಾನಿಕ್ ಪಾಠ.