ಅಂಗಡಿ ಬಾಡಿಗೆ ವರ್ಷ ವರ್ಷ ಏರ್ತದೆ, ಉಸ್ತಾದರ ಸಂಬಳ?

ಬೀದರ್ ಅಂದ್ರೆ ನಮ್ಮ ಕರಾವಳಿಯವರಿಗೆ ಈಗ ಮೊದಲು ನೆನಪಾಗುವುದು ನೀಟ್ ಕೋಚಿಂಗ್. 1989ರಲ್ಲಿ ಅಬ್ದುಲ್ ಖದೀರ್ ಅವರು ಬೆರಳೆಣಿಕೆಯ ಮಕ್ಕಳನ್ನು ಇಟ್ಟುಕೊಂಡು ಶುರು ಮಾಡಿದ ಶಾಹೀನ್ ಸಂಸ್ಥೆ ಇವತ್ತು ಹಲವು ರಾಜ್ಯಗಳಿಗೆ ಹಬ್ಬಿದೆ. ನಮ್ಮ ಮನೆಗಳ ಮಕ್ಕಳೂ ಅಷ್ಟು ದೂರ ಹೋಗಿ ಓದಿ ಬರುತ್ತಾರೆ. ಮಕ್ಕಳನ್ನು ಬಿಡಲು ಹೋದವರು ಹಳೇ ಊರಿನೊಳಗಿರುವ ಮಹಮೂದ್ ಗವಾನ್ ಮದ್ರಸವನ್ನೂ ನೋಡಿ, ಒಂದು ಫೋಟೋ ತೆಗೆದು, ವಾಟ್ಸ್ಆ್ಯಪ್‌ನಲ್ಲಿ ಹಾಕುವುದುಂಟು.

ಆ ಫೋಟೋವನ್ನು ಮದ್ರಸದಲ್ಲಿ ಕಲಿಸುವ ನಾವು ನೋಡುವ ರೀತಿ ಸ್ವಲ್ಪ ಬೇರೆ. ಎಲ್ಲರೂ ಮಿನಾರವನ್ನು, ಬಣ್ಣದ ಹೆಂಚಿನ ಕೆಲಸವನ್ನು ನೋಡುತ್ತಾರೆ. ನಾವು ನೋಡುವುದು ಕೋಣೆಗಳನ್ನು. ಇರಾನಿನ ಗೀಲಾನ್‌ನಿಂದ ವ್ಯಾಪಾರಕ್ಕೆ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಗವಾನ್ 1472ರಲ್ಲಿ ಈ ಮೂರಂತಸ್ತಿನ ಮದ್ರಸ ಕಟ್ಟಿಸಿದಾಗ ಗ್ರಂಥಾಲಯ, ಮಸೀದಿ, ಪಾಠದ ಕೊಠಡಿಗಳ ಜೊತೆಗೆ ಕಲಿಯುವವರಿಗೂ ಕಲಿಸುವವರಿಗೂ ಅಲ್ಲೇ ವಾಸದ ಜಾಗ ಇಟ್ಟಿದ್ದ. ಅಂದ್ರೆ ಉಸ್ತಾದ್ ಎಲ್ಲಿರಬೇಕು, ಅವನ ಮನೆ ಬಾಡಿಗೆಗೆ ಏನು ಗತಿ ಅನ್ನುವ ಪ್ರಶ್ನೆಗೆ ಕಟ್ಟಡದ ನಕ್ಷೆಯಲ್ಲೇ ಉತ್ತರ ಇತ್ತು. 550 ವರ್ಷಗಳ ನಂತರ ನಾವು ಕಟ್ಟುವ ಕಟ್ಟಡಗಳಲ್ಲಿ ಮಾರ್ಬಲ್ ಉಂಟು, ಎ.ಸಿ. ಉಂಟು. ಆ ಪ್ರಶ್ನೆಗೆ ಉತ್ತರ ಮಾತ್ರ ಇಲ್ಲ.

ಇವತ್ತು ಅದೇ ಬೀದರಿನಲ್ಲಿ, ಅಲ್ಲಿಂದ ಸುಮಾರು 40 ಕಿ.ಮೀ. ದೂರದ ಭಾಲ್ಕಿಯಲ್ಲಿ, ಮಹಾರಾಷ್ಟ್ರ-ತೆಲಂಗಾಣದ ಗಡಿಗೆ ತಾಗಿದ ಔರಾದ್‌ನಲ್ಲಿ ಕಲಿಸುವವರ ಸ್ಥಿತಿ ಹೇಗಿದೆ? ಅಲ್ಲಿ ಸಂಬಳಕ್ಕೆ ಪಗಾರ ಅಂತಾರೆ, ದಖ್ಖನಿ ಮಾತಾಡುವ ಮನೆಗಳಲ್ಲಿ ತನ್‌ಖಾ ಅಂತಾರೆ. ನಾವು ಉಸ್ತಾದ್ ಅನ್ನುವವರನ್ನು ಅವರು ಮೌಲ್ವಿ ಸಾಬ್, ಹಾಫಿಝ್ ಸಾಬ್ ಅಂತ ಕರೀತಾರೆ. ಹೆಸರು ಬೇರೆ ಬೇರೆ, ತಿಂಗಳ 20ನೇ ತಾರೀಕಿನ ನಂತರದ ಪಾಡು ಮಾತ್ರ ಒಂದೇ.

ಕಲಿಸುವವರಲ್ಲೂ ಈಗ ಮೂರು ದರ್ಜೆ ಆಗಿಬಿಟ್ಟಿದೆ. ಮೊದಲನೆಯವರು ಸರಕಾರಿ ಶಿಕ್ಷಕರು. ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾಗಿ, ರಾಜ್ಯ ನೌಕರರ ಕನಿಷ್ಠ ಮೂಲ ವೇತನ 17,000ದಿಂದ 27,000 ರೂಪಾಯಿಗೆ ಏರಿತು. ಜೊತೆಗೆ ಬೆಲೆ ಸೂಚ್ಯಂಕ ನೋಡಿಕೊಂಡು ಜನವರಿ ಮತ್ತು ಜುಲೈ ಲೆಕ್ಕದಲ್ಲಿ ತುಟ್ಟಿಭತ್ಯೆ. ಅದು ಅವರ ಹಕ್ಕು, ನಮಗೆ ಹೊಟ್ಟೆಕಿಚ್ಚಿಲ್ಲ.

ಎರಡನೆಯವರು ಅತಿಥಿ ಶಿಕ್ಷಕರು. 2025ರ ಮಾರ್ಚ್‌ನ ಬಜೆಟ್‌ನಲ್ಲಿ 2,000 ರೂಪಾಯಿ ಹೆಚ್ಚಾಗಿ ಪ್ರಾಥಮಿಕ ಶಾಲೆಯವರಿಗೆ 12,000, ಪ್ರೌಢಶಾಲೆಯವರಿಗೆ 12,500 ಆಯಿತು. ಅದೂ ಶಾಲೆ ನಡೆಯುವ ತಿಂಗಳುಗಳಿಗೆ ಮಾತ್ರ. ಬೇಸಿಗೆ ರಜೆಯಲ್ಲಿ ಅತಿಥಿಗೆ ಊಟ ಇಲ್ಲ! ಔರಾದ್‌ನಂಥ ಗಡಿ ತಾಲ್ಲೂಕುಗಳ ಶಾಲೆಗಳು ಬಾಗಿಲು ತೆರೆದಿರುವುದಕ್ಕೆ ಇವರ ದುಡಿಮೆಯೂ ಕಾರಣ.

ಮೂರನೆಯವರು ಅನುದಾನ ಇಲ್ಲದ ಸಣ್ಣ ಖಾಸಗಿ ಶಾಲೆಗಳ ಟೀಚರುಗಳು ಮತ್ತು ನಾವು, ಮದ್ರಸ-ಮಕ್ತಬ್‌ಗಳವರು. ನಮಗೆ ಆಯೋಗ ಇಲ್ಲ, ಸೂಚ್ಯಂಕ ಇಲ್ಲ. ಕಮಿಟಿಯವರ ಮನಸ್ಸೇ ಸೂಚ್ಯಂಕ.

ಬೆಲೆಗಳು ಯಾರ ಮನಸ್ಸನ್ನೂ ಕಾಯುವುದಿಲ್ಲ. ನಂದಿನಿ ಹಾಲು 2023ರ ಆಗಸ್ಟ್‌ನಲ್ಲಿ ಲೀಟರಿಗೆ 3 ರೂಪಾಯಿ, 2025ರ ಏಪ್ರಿಲ್‌ನಲ್ಲಿ 4 ರೂಪಾಯಿ ಏರಿತು. ದಿನಕ್ಕೆ ಒಂದು ಲೀಟರ್ ತರುವ ಮನೆಗೆ ಈ ಎರಡು ಏರಿಕೆಯಿಂದಲೇ ತಿಂಗಳಿಗೆ 210 ರೂಪಾಯಿ ಜಾಸ್ತಿ. ಅದೇ ಏಪ್ರಿಲ್‌ನಲ್ಲಿ ಗ್ಯಾಸ್ ಸಿಲಿಂಡರ್ 50 ರೂಪಾಯಿ ಏರಿತು. 2025ರ ಜನವರಿ 5ರಿಂದ ಸರಕಾರಿ ಬಸ್ ದರ ಶೇ. 15 ಹೆಚ್ಚಿತು. ಶಕ್ತಿ ಯೋಜನೆಯಿಂದಾಗಿ ಟೀಚರಮ್ಮನಿಗೆ ಟಿಕೆಟ್ ಇಲ್ಲ. ಆದರೆ ಔರಾದ್‌ನಿಂದಲೋ ಭಾಲ್ಕಿಯಿಂದಲೋ ಬೀದರಿಗೆ ದಿನಾ ಹೋಗಿ ಬರುವ ಮೌಲ್ವಿ ಸಾಬರು ಆ ಶೇ. 15ನ್ನು ಕಿಸೆಯಿಂದಲೇ ಕೊಡಬೇಕು.

ಇನ್ನೊಂದು ಲೆಕ್ಕ ನೋಡೋಣ. ವಕ್ಫ್ ಮಂಡಳಿಯ ಮೂಲಕ ಇಮಾಮರಿಗೆ ಸಿಗುವ ಗೌರವಧನವನ್ನು ಅದೇ 2025ರ ಬಜೆಟ್ ತಿಂಗಳಿಗೆ 6,000 ರೂಪಾಯಿ ಅಂತ, ಮುಅದ್ದಿನರಿಗೆ 5,000 ಅಂತ ಮಾಡಿತು. 6,000 ಅಂದ್ರೆ ದಿನಕ್ಕೆ 200 ರೂಪಾಯಿ. 2025-26ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ. ಕೆರೆ ಹೂಳೆತ್ತುವ ಕೆಲಸ ಕೀಳಲ್ಲ, ಅದಕ್ಕೆ ಇನ್ನೂ ಹೆಚ್ಚು ಕೊಡಲಿ. ಆದರೆ ಸರಕಾರ ಕೊಡ್ತದಲ್ಲ ಅಂತ ಜಮಾಅತಿನ ಪಾಲನ್ನು ಕಡಿಮೆ ಮಾಡಲಿಕ್ಕೆ ಈ 200 ರೂಪಾಯಿ ನೆಪ ಆಗಬಾರದು.

"ದೀನಿನ ಕೆಲಸಕ್ಕೆ ಸಂಬಳ ಕೇಳೋದಾ?" ಅನ್ನುವ ಮಾತು ಅಲ್ಲೂ ಉಂಟು, ಇಲ್ಲೂ ಉಂಟು. ಇದಕ್ಕೆ ಫಿಖ್ಹ್‌ನಲ್ಲಿ ಉತ್ತರ ಇದೆ. ನಮ್ಮ ಶಾಫಿಈ ಮದ್‌ಹಬ್‌ನಲ್ಲಿ ಕುರ್‌ಆನ್ ಕಲಿಸಿದ್ದಕ್ಕೆ ವೇತನ ಪಡೆಯಲು ಅನುಮತಿ ಇದೆ. ಬೀದರ್ ಕಡೆಯವರು ಹೆಚ್ಚಾಗಿ ಹನಫಿಗಳು. ಹಿಂದಿನ ಹನಫಿ ಉಲಮಾಗಳು ಇದನ್ನು ಒಪ್ಪಿರಲಿಲ್ಲ, ನಂತರದವರು ಒಪ್ಪಿದರು. ಕಾರಣವೇನು? ಮೊದಲು ಬೈತುಲ್ ಮಾಲ್‌ನಿಂದ ಉಸ್ತಾದರ ಹೊಟ್ಟೆಪಾಡು ನಡೆಯುತ್ತಿತ್ತು. ಅದು ನಿಂತಾಗ ಕಲಿಸುವವರು ಅಂಗಡಿಗೋ ಹೊಲಕ್ಕೋ ಹೋದರೆ ಕಲಿಕೆಯೇ ನಿಂತೀತು ಅನ್ನುವ ಭಯ. ಖಲೀಫ ಅಬೂಬಕರ್ ಸಿದ್ದೀಕ್ (ರ) ಅವರು ಖಲೀಫರಾದ ಮೇಲೂ ಬಟ್ಟೆ ವ್ಯಾಪಾರಕ್ಕೆ ಹೊರಟಾಗ, ಉಮರ್ (ರ) ಮುಂತಾದವರು ತಡೆದು ಬೈತುಲ್ ಮಾಲ್‌ನಿಂದ ಅವರ ಮನೆಖರ್ಚಿಗೆ ಭತ್ಯೆ ಗೊತ್ತು ಮಾಡಿದ ಚರಿತ್ರೆಯನ್ನು ನಾವೇ ಮಕ್ಕಳಿಗೆ ಹೇಳಿಕೊಡುತ್ತೇವೆ. ಅದರ ಅರ್ಥ ದೊಡ್ಡವರಿಗೂ ತಿಳಿಯಬೇಕಲ್ಲವೇ?

ಗವಾನ್‌ನಂಥ ವಝೀರರು ಈಗಿಲ್ಲ. 1481ರಲ್ಲಿ ಸುಳ್ಳು ಆರೋಪಕ್ಕೆ ಅವನ ತಲೆಯೇ ಹೋಯಿತು. ರಾಜರೂ ಹೋದರು, ದತ್ತಿಗಳೂ ಹೋದವು. ಈಗ ಉಸ್ತಾದರಿಗೆ ಜಮಾಅತೇ ವಝೀರ್, ಜಮಾಅತೇ ಬೈತುಲ್ ಮಾಲ್. ಕರಾವಳಿಯಲ್ಲಿ ಗಲ್ಫ್ ದುಡ್ಡಿನ ಬಲ ಉಂಟು. ಬೀದರ್ ಜಿಲ್ಲೆಯ ಹಳ್ಳಿಗಳಲ್ಲಿ ಚಂದಾ ಏಳುವುದು ತೊಗರಿ, ಸೋಯಾ ಕೈಗೆ ಹತ್ತಿದರೆ. ಮಳೆ ಕೈಕೊಟ್ಟ ವರ್ಷ ಮೊದಲ ಕತ್ತರಿ ಬೀಳುವುದು ಮೌಲ್ವಿ ಸಾಬರ ತನ್‌ಖಾಕ್ಕೆ. ಅವರ ಕಷ್ಟ ನಮಗಿಂತ ದೊಡ್ಡದು. ಹಾಗಿರುವಾಗ ಕೈಲಾಗುವ ನಾವು ಮೊದಲು ದಾರಿ ಹಾಕಬೇಕು.

ದಾರಿ ದೊಡ್ಡದೇನೂ ಅಲ್ಲ. ಮಸೀದಿಯ ಅಂಗಡಿ ಕೋಣೆ ಬಾಡಿಗೆಗೆ ಕೊಡುವಾಗ ವರ್ಷಕ್ಕೆ ಇಷ್ಟು ಹೆಚ್ಚಳ ಅಂತ ಕರಾರಿನಲ್ಲಿ ಬರೆಯುತ್ತೇವೆ. ಉಸ್ತಾದರನ್ನು ನೇಮಿಸುವಾಗಲೂ ಅದೇ ಒಂದು ಸಾಲು ಬರೆಯೋಣ. ವಾರ್ಷಿಕ ಮಹಾಸಭೆಯಲ್ಲಿ ಲೆಕ್ಕಪತ್ರ ಪಾಸು ಮಾಡುವ ಮೊದಲು ಸಂಬಳ ಪರಿಷ್ಕರಣೆಯ ವಿಷಯ ಬರಲಿ. ಸರಕಾರ ತುಟ್ಟಿಭತ್ಯೆ ಏರಿಸಿದಷ್ಟೇ ಶೇಕಡ ನಮ್ಮಲ್ಲೂ ಏರಲಿ. ಹನ್ನೆರಡು ತಿಂಗಳಿಗೂ ಸಂಬಳ ಇರಲಿ. ನಿಗದಿ ತಾರೀಕಿಗೆ ಬ್ಯಾಂಕ್ ಖಾತೆಗೆ ಬರಲಿ. ಬೆವರು ಆರುವ ಮೊದಲು ಕೂಲಿ ಕೊಡಿ ಎಂಬ ಪ್ರವಾದಿವರ್ಯರ (ಸ) ಬೋಧನೆ ಮೇಸ್ತ್ರಿಗೆ ಮಾತ್ರ ಅಲ್ಲ.

ಮುಪ್ಪಿನ ಯೋಚನೆಯೂ ಬೇಕು. ಕೇರಳ ಸರಕಾರ ಮದ್ರಸ ಅಧ್ಯಾಪಕರ ಕ್ಷೇಮನಿಧಿಗೆ 2019ರಲ್ಲಿ ಕಾನೂನನ್ನೇ ಮಾಡಿದೆ. ಅಧ್ಯಾಪಕರ ಪಾಲು, ಕಮಿಟಿಯ ಪಾಲು ಸೇರಿ ಅಲ್ಲಿ ಪಿಂಚಣಿಗೆ ದಾರಿಯಾಗಿದೆ. ನಮ್ಮ ರಾಜ್ಯದಲ್ಲೂ ಅಂಥದ್ದನ್ನು ಕೇಳಬೇಕು. ಕೇಳುವಾಗ ಮಂಗಳೂರು, ಬೀದರ್ ಒಂದೇ ದನಿಯಲ್ಲಿ ಕೇಳಬೇಕು. ಅಲ್ಲಿಯವರೆಗೆ, 18ರಿಂದ 40 ವಯಸ್ಸಿನೊಳಗಿನ, ತಿಂಗಳಿಗೆ 15,000 ರೂಪಾಯಿ ಮೀರದ ಆದಾಯದ ಉಸ್ತಾದರನ್ನು ಕಮಿಟಿಗಳೇ ಕರೆದುಕೊಂಡು ಹೋಗಿ ಕೇಂದ್ರದ ಶ್ರಮಯೋಗಿ ಮಾನ್‌ಧನ್ ಯೋಜನೆಗೆ ಸೇರಿಸಬಹುದು. 60 ವರ್ಷದ ನಂತರ ತಿಂಗಳಿಗೆ 3,000 ರೂಪಾಯಿ ಪಿಂಚಣಿ ಸಿಗ್ತದೆ. ಅವರ ಕಂತನ್ನು ಜಮಾಅತ್ ಕಟ್ಟಿದರೆ ತಿಂಗಳಿಗೆ 200 ರೂಪಾಯಿ ಮೀರುವುದಿಲ್ಲ.

ಕೊನೆಗೆ ಒಂದು ಮಾತು. ನಮ್ಮ ಪೈಕಿ ಎಷ್ಟೋ ಮಂದಿ ಯುವ ಉಸ್ತಾದರು ಈಗ ಗಲ್ಫಿನ ವೀಸಾ, ಅಂಗಡಿ ಕೆಲಸ, ಆಟೋ ಅಂತ ಹೊರಟಿದ್ದಾರೆ. ಅವರಿಗೆ ಕಲಿಸುವ ಆಸೆ ಹೋಗಿಲ್ಲ, ಕಲಿಸಿ ಮನೆ ನಡೆಸುವ ಧೈರ್ಯ ಹೋಗಿದೆ. ಮುಂದಿನ ಮಹಾಸಭೆಗೆ ಹೋಗುವ ಪ್ರತಿಯೊಬ್ಬ ತಂದೆಯೂ ಎದ್ದು ನಿಂತು ಒಂದೇ ಪ್ರಶ್ನೆ ಕೇಳಲಿ: ನಮ್ಮ ಉಸ್ತಾದರ ಸಂಬಳ ಕೊನೇ ಸಲ ಏರಿದ್ದು ಯಾವಾಗ? ಆ ತಾರೀಕು ಮಿನಿಟ್ಸ್ ಪುಸ್ತಕದಲ್ಲಿ ಇರ್ತದೆ, ಹುಡುಕಿ ಓದಿ ಹೇಳಲಿ.