ಚೋಮನ ಹಸಿವಿನಿಂದ ಸೌಂದರ್ಯಳ ತೂಕದವರೆಗೆ

ಪುತ್ತೂರಿನಲ್ಲಿ ನೆಲೆಸಿದ್ದ ಶಿವರಾಮ ಕಾರಂತರ ‘ಚೋಮನ ದುಡಿ’ ಪ್ರಕಟವಾದದ್ದು 1933ರಲ್ಲಿ. 1975ರಲ್ಲಿ ಬಿ.ವಿ. ಕಾರಂತರು ಅದನ್ನು ತೆರೆಗೆ ತಂದರು. ಆ ವರ್ಷದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂತು. ಅಪ್ಪ ಚೋಮನ ಸಾಲ ತೀರಿಸಲು ಮಕ್ಕಳು ಕಾಫಿ ತೋಟಕ್ಕೆ ಹೋಗುತ್ತಾರೆ, ಮಗಳು ಬೆಳ್ಳಿ ತನ್ನ ಮೈಯನ್ನೇ ತೆರಬೇಕಾಗುತ್ತದೆ. ಅಲ್ಲಿ ಉಣ್ಣದಿರುವುದೆಂದರೆ ಉಣ್ಣಲು ಇಲ್ಲದಿರುವುದು. ಪಿ. ಶೇಷಾದ್ರಿ 2011ರಲ್ಲಿ ತೆರೆಗೆ ತಂದ ‘ಬೆಟ್ಟದ ಜೀವ’ವೂ ಕಾರಂತರ ಕಾದಂಬರಿಯೇ. ಇಂದು ಕಡಬ ತಾಲ್ಲೂಕಿಗೆ ಸೇರಿದ ಸುಬ್ರಹ್ಮಣ್ಯದ ಸುತ್ತಿನ ಕಾಡಿನ ಕಥೆಯದು. ಅಲ್ಲಿ ಎಲೆ ತುಂಬಿದೆ, ಆದರೆ ಮನೆ ಬಿಟ್ಟು ಹೋದ ಮಗ ಶಂಭು ಹಿಂದಿರುಗಿಲ್ಲ. ದಾರಿ ತಪ್ಪಿ ಬಂದ ಅತಿಥಿಗೆ ಗೋಪಾಲಯ್ಯ ಮತ್ತು ಶಂಕರಿ ಮಾಡುವ ಉಪಚಾರದಲ್ಲಿ ಆ ಮಗನ ಪಾಲೂ ಸೇರಿದೆಯೆಂದೇ ನಾನು ಓದುತ್ತೇನೆ. ಬಡತನ ಅಥವಾ ದುಃಖ, ಊಟ ಬಿಡಲು ನಮ್ಮ ಸಿನಿಮಾ ಬಲ್ಲ ಕಾರಣಗಳು ಇವೆರಡೇ. ಎರಡಕ್ಕೂ ಮದ್ದು ಬಡಿಸುವ ಕೈ. ಅನ್ನವೂ ಇದೆ, ಹಸಿವೂ ಇದೆ, ತನ್ನ ಮೈಯ ಭಯವೇ ಕೈ ತಡೆಯುತ್ತಿದೆ ಎಂಬ ಮೂರನೆಯ ಸ್ಥಿತಿಗೆ ನಮ್ಮಲ್ಲಿ ಚಿತ್ರವಿಲ್ಲ.

ಅದರ ಹೊಸ್ತಿಲವರೆಗೆ ಹೋದದ್ದು 2015ರ ‘ಸೈಜ್ ಜೀರೋ’. ಪ್ರಕಾಶ್ ಕೋವೆಲಮುಡಿ ತೆಲುಗು ಮತ್ತು ತಮಿಳಿನಲ್ಲಿ ಮಾಡಿದ ಈ ಚಿತ್ರದ ನಾಯಕಿ ಪುತ್ತೂರು ಮೂಲದ ಅನುಷ್ಕಾ ಶೆಟ್ಟಿ. ಪಾತ್ರಕ್ಕಾಗಿ ಅವರು ನಿಜವಾಗಿಯೇ ತೂಕ ಹೆಚ್ಚಿಸಿಕೊಂಡಿದ್ದರು. ಮಗಳು ಸೌಂದರ್ಯಳಿಗೆ ಗಂಡು ಸಿಗಲೆಂದು ತಾಯಿ (ಊರ್ವಶಿ) ತೂಕದ ಚಿಂತೆ ಹಚ್ಚಿಕೊಳ್ಳುತ್ತಾಳೆ. ಮನೆಯೊಳಗಿನ ಈ ಎಳೆಯೇ ಚಿತ್ರದ ಜೀವ. ಆದರೆ ಕಥೆ ಬೇಗನೆ ಹೊರಗೆ ಹೊರಳುತ್ತದೆ. ತೂಕ ಇಳಿಸುವುದಾಗಿ ನಂಬಿಸುವ ಕ್ಲಿನಿಕ್ಕಿನ ಮಾಲೀಕ ಖಳನಾಗುತ್ತಾನೆ, ಗೆಳತಿ ಆಸ್ಪತ್ರೆ ಸೇರುತ್ತಾಳೆ, ನಾಯಕಿ ಹೋರಾಟಕ್ಕಿಳಿಯುತ್ತಾಳೆ. ಖಳ ಹೊರಗಿದ್ದರೆ ಮನೆಗೆ ನೆಮ್ಮದಿ. ‘ಇನ್ನೊಂದು ಸೌಟು ಹಾಕಲಾ?’ ಎನ್ನುವ ಬಾಯಿಯೇ ‘ಹುಡುಗನ ಕಡೆಯವರು ಬರುವುದರೊಳಗೆ ಸ್ವಲ್ಪ ಇಳಿಸು’ ಎಂದೂ ಹೇಳುತ್ತದೆ. ಆ ಎರಡು ಮಾತಿನ ನಡುವೆ ಕುಳಿತ ಮಗಳ ಸಂಕಟವನ್ನು ಚಿತ್ರ ಪೂರ್ತಿ ನೋಡುವುದಿಲ್ಲ.

ಹಾಗಾದರೆ ತಾಯಿಯೇ ತಪ್ಪಿತಸ್ಥಳೇ? ಖಂಡಿತ ಅಲ್ಲ. ಊಟ ಬಿಡುವ ಕಾಯಿಲೆಯ ವಿಷಯದಲ್ಲಿ ವೈದ್ಯಶಾಸ್ತ್ರವೂ ಒಮ್ಮೆ ಮನೆಯವರನ್ನೇ ದೂರಿ ಹಿಂದೆ ಸರಿದಿದೆ. 1873ರಲ್ಲಿ ಪ್ಯಾರಿಸ್ಸಿನ ವೈದ್ಯ ಲಾಸೇಗ್, ಊಟ ಬಿಟ್ಟ ಹುಡುಗಿಯ ಮನೆಯವರು ಬೇಡುವುದು, ಬೆದರಿಸುವುದು ಎರಡನ್ನೂ ಮಾಡಿ ಸೋಲುವುದನ್ನು ದಾಖಲಿಸಿದ. ಶತಮಾನದ ಬಳಿಕ, 1970ರ ದಶಕದಲ್ಲಿ, ಕುಟುಂಬದ ಬಿಗಿಯೇ ಕಾಯಿಲೆಯ ಮೂಲವೆಂಬ ವಾದ ಬಲವಾಯಿತು. 1980ರ ದಶಕದಲ್ಲಿ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯ ವೈದ್ಯರು ದಾರಿ ಬದಲಿಸಿದರು: ತಂದೆತಾಯಿಯನ್ನು ದೂರದೆ, ಮಗುವಿಗೆ ಉಣಿಸುವ ಹೊಣೆಯನ್ನೇ ಅವರಿಗೆ ಕೊಟ್ಟು ಜೊತೆಗೆ ನಿಂತರು. ಮನೆಯವರನ್ನು ದೂರದ ಈ ನೋಟವನ್ನು ಮೈಕ್ ಲೀಯ ‘ಲೈಫ್ ಈಸ್ ಸ್ವೀಟ್’ (1990) ಚಿತ್ರ ಚೆನ್ನಾಗಿ ಹಿಡಿದಿದೆ. ಅಪ್ಪ ಅಡುಗೆಯವನು, ಮಗಳು ನಿಕೋಲಾ ರಾತ್ರಿ ಕದ್ದು ತಿಂದು ವಾಂತಿ ಮಾಡುತ್ತಾಳೆ. ಕೊನೆಗೆ ತಾಯಿ ಎದುರು ನಿಂತು ಆಡುವ ಮಾತಿನಲ್ಲಿ ಸಿಟ್ಟೂ ಪ್ರೀತಿಯೂ ಬೇರ್ಪಡುವುದಿಲ್ಲ. ಅಲ್ಲಿ ಖಳರಿಲ್ಲ.

ಇದು ಪಟ್ಟಣದ ಸಿರಿವಂತರ ಕಾಯಿಲೆ, ಚೋಮನ ನೆಲದಲ್ಲಿ ಇದನ್ನು ಹೇಳುವುದೇ ಅನ್ಯಾಯ ಎನ್ನುವವರಿದ್ದಾರೆ. ಚೋಮನನ್ನು ನೆನೆಯಬೇಕಾದದ್ದು ನಿಜ, ಆದರೆ ಒಂದು ನೋವು ಇನ್ನೊಂದನ್ನು ಅಳಿಸುವುದಿಲ್ಲ. 2012ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಬೆಂಗಳೂರಿನ ಮನೋವೈದ್ಯರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಂದಿ ಊಟದ ಇಂಥ ಕಾಯಿಲೆಯಿದ್ದ ಒಬ್ಬರನ್ನಾದರೂ ಕಂಡದ್ದಾಗಿ ಹೇಳಿದ್ದರು. ಪುತ್ತೂರು, ಸುಳ್ಯದ ಕಾಲೇಜು ಮಕ್ಕಳ ಕೈಯಲ್ಲೂ ಅದೇ ಮೊಬೈಲು, ಅದೇ ತೆಳು ಮೈಯ ಚಿತ್ರಗಳು. ಇದನ್ನು ತೆರೆಯ ಮೇಲೆ ತೋರಿಸಿದರೆ ಮಕ್ಕಳು ಕಲಿತಾರು ಎಂಬ ಆತಂಕ ಹೆಚ್ಚು ಗಂಭೀರ. 2017ರ ‘ಟು ದ ಬೋನ್’ ಚಿತ್ರ ಇದೇ ಟೀಕೆ ಎದುರಿಸಿತು. ತೂಕದ ಅಂಕಿ, ಊಟ ತಪ್ಪಿಸುವ ಉಪಾಯ, ಎಲುಬು ಕಾಣುವ ಮೈ, ಇವನ್ನು ಕ್ಯಾಮೆರಾ ಬಿಡಲೇಬೇಕು. ಊಟಕ್ಕೆ ಕುಳಿತ ಮನೆಮಂದಿಯ ಮುಖಗಳನ್ನು ನೋಡಲು ಅವು ಯಾವುವೂ ಬೇಡ.

ದಕ್ಷಿಣ ಕನ್ನಡ ಜಿಲ್ಲೆಯವರು ಮೈಯ ಅಳುಕಿನ ಕಥೆ ಹೇಳಬಲ್ಲರು ಎಂಬುದನ್ನು ರಾಜ್ ಬಿ. ಶೆಟ್ಟಿ 2017ರಲ್ಲೇ ತೋರಿಸಿದರು. ‘ಒಂದು ಮೊಟ್ಟೆಯ ಕಥೆ’ಯಲ್ಲಿ ತನ್ನ ಬೋಳುತಲೆಗೆ ನೋಯುವ ಜನಾರ್ದನನೇ ಸರಳಾಳ ದಪ್ಪ ಮೈ ಕಂಡು ಹಿಂಜರಿಯುತ್ತಾನೆ. ಕಥೆ ಅವನದು. ಸರಳಾಳ ಕಡೆಯಿಂದ ಹೇಳುವ ಚಿತ್ರ ಇನ್ನು ಬರಬೇಕು.