ಎಲ್ಲಿಂದಲೂ ಬರದ ದುಡ್ಡು

ಅಟ್ಲಾಂಟಾದಿಂದ ಮಾಂಟ್ಗೊಮರಿಗೆ ಕಾರಿನಲ್ಲಿ ಎರಡೂವರೆ ಗಂಟೆಯ ದಾರಿ. ನಡುವೆ ಅಲಬಾಮಾ ಗಡಿ ದಾಟಿದ ಕೂಡಲೇ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಹೀಗೆ ಪುಕ್ಕಟೆ ಸಿಕ್ಕ ಗಂಟೆ ಇಲ್ಲದಿದ್ದರೆ ನಾವು ಡೆರಿಕೋಟ್ ಬೀದಿಗೆ ಕಾಲಿಡುತ್ತಲೇ ಇರಲಿಲ್ಲ. ಮಗಳು ಪಟ್ಟಿ ಮಾಡಿಕೊಂಡಿದ್ದು ಬಂದವರೆಲ್ಲ ನೋಡುವ ಜಾಗಗಳನ್ನೇ: ರೋಸಾ ಪಾರ್ಕ್ಸ್ ಮ್ಯೂಸಿಯಂ, ಮಾರ್ಟಿನ್ ಲೂಥರ್ ಕಿಂಗ್ ಪಾದ್ರಿಯಾಗಿದ್ದ ಡೆಕ್ಸ್ಟರ್ ಅವೆನ್ಯೂ ಚರ್ಚು, 1956ರ ಜನವರಿಯಲ್ಲಿ ಬಾಂಬ್ ಬಿದ್ದ ಅವರ ಮನೆ. ಹೊತ್ತು ಉಳಿದಿದೆಯಲ್ಲ ಎಂದು ಅಡ್ಡಬೀದಿಗೆ ಹೊರಳಿದೆವು. ಅಲ್ಲಿ ಒಂದು ಸಾಧಾರಣ ಮನೆ, ಎದುರಿಗೆ ಕಂಬದ ಮೇಲೊಂದು ಫಲಕ. ಕನ್ನಡಕ ಏರಿಸಿ ಓದಿದೆ. ಜಾರ್ಜಿಯಾ ಗಿಲ್ಮೋರ್, ಅಡುಗೆಯಾಕೆ.

ಅರವತ್ತು ದಾಟಿದ ಮೇಲೆ ನನಗೆ ಹೊಸ ಆರಾಧ್ಯದೈವ ಸಿಕ್ಕಿದ್ದು ಹೀಗೆ.

ರೋಸಾ ಪಾರ್ಕ್ಸ್ ಕಥೆ ನಿಮಗೆ ಗೊತ್ತೇ ಇದೆ. ಆದರೆ ದಣಿದ ಹೊಲಿಗೆಯಾಕೆಯೊಬ್ಬಳು ಕಾಲುನೋವಿಗೆ ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಡಲಿಲ್ಲ ಎಂಬ ಅದರ ಭಾಷಣದ ರೂಪ ನನಗೆ ಯಾವತ್ತೂ ರುಚಿಸಿದ್ದಲ್ಲ. ಆಕೆ ಕಪ್ಪು ಜನರ ಹಕ್ಕಿನ ಸಂಘಟನೆಯ ಊರ ಶಾಖೆಗೆ ಕಾರ್ಯದರ್ಶಿಯಾಗಿ ವರ್ಷಗಟ್ಟಲೆ ದುಡಿದಿದ್ದವರು. 1955ರ ಮಾರ್ಚ್‌ನಲ್ಲಿ ಕ್ಲಾಡೆಟ್ ಕಾಲ್ವಿನ್ ಎಂಬ 15ರ ಹುಡುಗಿಯನ್ನೂ ಇದೇ ಕಾರಣಕ್ಕೆ ಪೊಲೀಸರು ಎಳೆದೊಯ್ದಿದ್ದರು. ಅದೇ ವರ್ಷ ಡಿಸೆಂಬರ್ 1ರಂದು ಪಾರ್ಕ್ಸ್ ಬಂಧನವಾದ ರಾತ್ರಿ ಜೋ ಆನ್ ರಾಬಿನ್ಸನ್ ಎಂಬ ಮೇಡಂ ತಾವು ಪಾಠ ಹೇಳುವ ಕಾಲೇಜಿನ ಸೈಕ್ಲೋಸ್ಟೈಲ್ ಯಂತ್ರದ ಮುಂದೆ ನಿಂತು ಬೆಳಗಾಗುವುದರೊಳಗೆ ಬಸ್ ಹತ್ತಬೇಡಿ ಎಂಬ ಹತ್ತಾರು ಸಾವಿರ ಕರಪತ್ರ ತೆಗೆದರು. 5ರಂದು ಬಸ್ಸುಗಳು ಖಾಲಿ ಓಡಿದವು. 26 ವರ್ಷದ ಕಿಂಗ್ ನಾಯಕರಾದರು. 381 ದಿನ ಕಪ್ಪು ಜನ ಬಸ್ ಹತ್ತಲಿಲ್ಲ. ಇದಿಷ್ಟು ಎಲ್ಲ ಪುಸ್ತಕಗಳಲ್ಲೂ ಇದೆ.

381 ದಿನ ಎಂದು ಬಾಯಲ್ಲಿ ಹೇಳುವುದು ಸುಲಭ. ಬಸ್ಸಿನ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಕಪ್ಪು ಜನ. ಅಷ್ಟೂ ಮಂದಿ ಕೆಲಸಕ್ಕೆ ಹೋಗುವುದು ಹೇಗೆ? ಬಹಳ ಜನ ನಡೆದರು. ಮಿಕ್ಕವರಿಗಾಗಿ ಸುಮಾರು 300 ಕಾರುಗಳ ಸರದಿ ಏರ್ಪಾಡಾಯಿತು. ಚರ್ಚುಗಳ ಹೆಸರಿನಲ್ಲಿ ಉದ್ದನೆಯ ಸ್ಟೇಷನ್ ವ್ಯಾಗನ್‌ಗಳು ಬಂದವು, ಜನ ಅವನ್ನು ಉರುಳುವ ಚರ್ಚುಗಳೆಂದು ಕರೆದರು. ಊರಿನ ವಿಮಾ ಕಂಪನಿಗಳು ಕೈಕೊಟ್ಟಾಗ ಲಂಡನ್ನಿನ ಲಾಯ್ಡ್ಸ್‌ವರೆಗೂ ಹೋಗಿ ವಿಮೆ ಮಾಡಿಸಿದರು. ಇನ್ನು ಮನೆಗೆಲಸದವರು ಬಾರದೆ ತಮ್ಮ ದಿನ ಸಾಗದ ಬಿಳಿ ಗೃಹಿಣಿಯರು ತಾವೇ ಕಾರು ತಂದು ಅವರನ್ನು ಕರೆದೊಯ್ಯತೊಡಗಿದರು. ಹಾಗೆ ಮಾಡಬೇಡಿ ಎಂದು ಮೇಯರ್ ಗೇಲ್ ಕೇಳಿಕೊಂಡಿದ್ದಕ್ಕೆ, ಹಾಗಾದರೆ ಮೇಯರೇ ಬಂದು ನಮ್ಮ ಬಟ್ಟೆ ಒಗೆದು ಕಸ ಗುಡಿಸಲಿ ಅಂದರಂತೆ. ಪೆಟ್ರೋಲ್, ಟೈರ್, ರಿಪೇರಿಯ ಖರ್ಚು ಮಾತ್ರ ವಾರ ವಾರವೂ ಎದುರಿಗೆ ಬಂದು ನಿಲ್ಲುತ್ತಿತ್ತು.

ಗಿಲ್ಮೋರ್ ಬರುವುದು ಇಲ್ಲಿ. ಆಕೆ ಊರಿನ ಒಂದು ಊಟದ ಅಂಗಡಿಯಲ್ಲಿ ಅಡುಗೆಯವರು, ಸೂಲಗಿತ್ತಿ ಕೆಲಸವೂ ಗೊತ್ತು, ಮನೆ ತುಂಬ ಮಕ್ಕಳು. ಬಸ್ಸಿಗೆ ಆಕೆಯ ಬಹಿಷ್ಕಾರ ಊರಿನದಕ್ಕಿಂತ ಎರಡು ತಿಂಗಳು ಹಳೆಯದು. ಅಕ್ಟೋಬರ್‌ನ ಒಂದು ದಿನ ಮುಂಬಾಗಿಲಲ್ಲಿ ನಾಣ್ಯ ಹಾಕಿದ್ದಾರೆ. ಇಳಿದು ಹಿಂಬಾಗಿಲಿನಿಂದ ಹತ್ತು ಎಂದಿದ್ದಾನೆ ಡ್ರೈವರ್. ಇಳಿದು ಹಿಂದಕ್ಕೆ ಹೋಗುವಷ್ಟರಲ್ಲಿ ಬಸ್ ಹೊರಟೇಬಿಟ್ಟಿದೆ, ನಾಣ್ಯ ಡಬ್ಬಿಯೊಳಗೆ. ಇನ್ನು ಈ ಬಸ್ಸಿನ ಸಹವಾಸ ಸಾಕು ಎಂದು ಅಂದೇ ತೀರ್ಮಾನಿಸಿದವರು ಮತ್ತೆ ಹತ್ತಲಿಲ್ಲ.

ಡಿಸೆಂಬರ್ 5ರ ಸಾಮೂಹಿಕ ಸಭೆಗೆ ಆಕೆ ಮತ್ತು ಗೆಳತಿಯರು ತಮ್ಮತಮ್ಮಲ್ಲೇ 14 ಡಾಲರ್ ಕೂಡಿಸಿ ಕೋಳಿ, ಬ್ರೆಡ್, ಸೊಪ್ಪು ತಂದು ಸ್ಯಾಂಡ್‌ವಿಚ್ ಮಾಡಿ ಮಾರಿದರು. ವ್ಯಾಪಾರ ಕೈಹಿಡಿಯಿತು. ಹೆಂಗಸರು ತಮ್ಮತಮ್ಮ ಒಲೆಗಳ ಮೇಲೆ ಮಾಡಿದ ಗೆಣಸಿನ ಪೈ, ಪೌಂಡ್ ಕೇಕ್, ಕರಿದ ಮೀನು ಬ್ಯೂಟಿ ಪಾರ್ಲರಿಗೂ ಟ್ಯಾಕ್ಸಿ ಸ್ಟ್ಯಾಂಡಿಗೂ ಹೋದವು. ಬಿಳಿಯರೂ ಕೊಂಡು ತಿಂದರು, ಆ ದುಡ್ಡು ಯಾರ ಪೆಟ್ರೋಲಿಗೆ ಹೋಗುತ್ತದೆಂದು ತಿಳಿಯದೆ. ಅದಕ್ಕೇ ಗಿಲ್ಮೋರ್ ತಂಡಕ್ಕಿಟ್ಟ ಹೆಸರು ‘ಕ್ಲಬ್ ಫ್ರಮ್ ನೋವೇರ್’. ದುಡ್ಡು ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ‘ನೋವೇರ್’ ಅನ್ನಬಹುದು, ಚರ್ಚಿನಲ್ಲಿ ನಿಂತು ಸುಳ್ಳಾಡಿದಂತೆಯೂ ಆಗಲಿಲ್ಲ! ಯಾರು ಬೇಯಿಸಿದರು, ಯಾರು ಕೊಂಡರು ಎಂಬುದು ಆಕೆಯೊಬ್ಬರಿಗೇ ಗೊತ್ತು. ಉಳಿದವರು ಬಿಳಿಯರ ಮನೆಗಳಲ್ಲಿ ದುಡಿಯುವವರು, ಹೆಸರು ಹೊರಬಿದ್ದರೆ ಕೆಲಸ ಹೋಗುತ್ತಿತ್ತು. ಸಾಮೂಹಿಕ ಸಭೆಯಲ್ಲಿ ಗಿಲ್ಮೋರ್ ನಡುವಿನ ದಾರಿಯಲ್ಲಿ ನಡೆದುಬಂದು ಆ ವಾರದ ಗಳಿಕೆ ಒಪ್ಪಿಸಿದರೆ ಜನ ಎದ್ದು ಕಾಲು ಬಡಿದು ಕುಣಿಯುತ್ತಿದ್ದರಂತೆ. ಊರಿನ ಇನ್ನೊಂದು ಬದಿಯ ಹೆಂಗಸರು ಹಟಕ್ಕೆ ಬಿದ್ದು ಫ್ರೆಂಡ್ಲಿ ಕ್ಲಬ್ ಕಟ್ಟಿದರು. ಯಾರ ಡಬ್ಬಿ ಹೆಚ್ಚು ಭಾರ ಎಂಬ ಪೈಪೋಟಿ! ನಮ್ಮ ಮಹಿಳಾ ಸಮಾಜಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ.

ಪೈ ಮಾರಿಯೇ ಚಳವಳಿ ನಡೆಯಿತು ಎಂದು ನಾನು ಹೇಳಿದರೆ ಅದು ಪ್ರೀತಿಯ ಉತ್ಪ್ರೇಕ್ಷೆ. ದೊಡ್ಡ ಮೊತ್ತಗಳು ಅಮೆರಿಕದ ಬೇರೆ ಊರುಗಳ ಚರ್ಚುಗಳಿಂದ, ಸಂಘಗಳಿಂದ ಬಂದವು. ಗೆಲುವು ದೊರಕಿದ್ದು ಕಾಲ್ವಿನ್ ಸೇರಿ ನಾಲ್ವರು ಮಹಿಳೆಯರು ಬಸ್ಸಿನ ವರ್ಣಭೇದದ ವಿರುದ್ಧ ಹೂಡಿದ ಬ್ರೌಡರ್ ಮೊಕದ್ದಮೆಯಿಂದ, 1956ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ. ಆದರೂ ಮ್ಯೂಸಿಯಂನಲ್ಲಿ ನಿಲ್ಲಿಸಿಟ್ಟ ವ್ಯಾಗನ್ನಿನ ಮುಂದೆ ನಿಂತಾಗ ನನ್ನ ಕಣ್ಣು ಹುಡುಕಿದ್ದು ಪೆಟ್ರೋಲ್ ಟ್ಯಾಂಕಿನ ಮುಚ್ಚಳವನ್ನೇ.

ಊಟಕ್ಕೆ ಕೂತಲ್ಲಿ ಆ ಪೈ ಇತ್ತು. ಬಿಡುವುದುಂಟೆ? ಬೇಯಿಸಿ ನುಣ್ಣಗೆ ಮಸೆದ ಗೆಣಸಿಗೆ ಬೆಣ್ಣೆ, ಸಕ್ಕರೆ, ಮೊಟ್ಟೆ, ಜಾಯಿಕಾಯಿ ಸೇರಿಸಿ ಹಿಟ್ಟಿನ ಬಟ್ಟಲಿಗೆ ಸುರಿದು ಒಲೆಯಲ್ಲಿ ಬೇಯಿಸಿದ್ದು. ಮೊದಲ ತುತ್ತಿಗೇ ಅಮ್ಮನ ಗೆಣಸಿನ ಹೋಳಿಗೆ ನೆನಪಾಯಿತು. ಏಲಕ್ಕಿಯೊಂದು ಇಲ್ಲ, ಮೇಲಿನ ಕಣಕ ತೆಗೆದು ಹೂರಣವನ್ನು ಬಯಲಿಗಿಟ್ಟ ಹಾಗೆ. ಹೋಳಿಗೆಯನ್ನು ಮಡಿಸಿ ಒಯ್ಯಬಹುದು, ಇದನ್ನು ಆಗದು, ಚೂರು ವಾಲಿಸಿದರೂ ಬಿರಿಯುತ್ತದೆ. ಇಂಥದ್ದನ್ನು ತಟ್ಟೆಗಟ್ಟಲೆ ಹೊತ್ತು ಬಸ್ ಹತ್ತದೆ ಊರೆಲ್ಲ ಹೇಗೆ ತಿರುಗಿದರೋ ಎಂದು ಎರಡನೇ ತುಂಡು ಮುಗಿಯುವವರೆಗೂ ಯೋಚಿಸಿದೆ. ಪೌಂಡ್ ಕೇಕ್ ಆದರೆ ಗಟ್ಟಿಗ. ಹಿಟ್ಟು, ಬೆಣ್ಣೆ, ಸಕ್ಕರೆ, ಮೊಟ್ಟೆ ಒಂದೊಂದು ಪೌಂಡ್ ಎಂಬ ಹಳೆಯ ಲೆಕ್ಕದಿಂದ ಬಂದ ಹೆಸರು ಅದು, ಕಾಗದದಲ್ಲಿ ಸುತ್ತಿಕೊಂಡು ಮೈಲಿಗಟ್ಟಲೆ ನಡೆದರೂ ಜಗ್ಗುವುದಿಲ್ಲ. ಮಗಳು ಗಡಿಯಾರ ತೋರಿಸಿದಳು.

1956ರ ಮಾರ್ಚ್‌ನಲ್ಲಿ ಬಹಿಷ್ಕಾರ ನಡೆಸಿದ್ದಕ್ಕೆ ಕಿಂಗ್ ಮೇಲೆ ನಡೆದ ವಿಚಾರಣೆಯಲ್ಲಿ ಗಿಲ್ಮೋರ್ ಆ ನಾಣ್ಯದ ಸಂಗತಿಯನ್ನು ಕೋರ್ಟಿನಲ್ಲಿ ಹೇಳಿದರು. ಕಿಂಗ್‌ಗೆ 500 ಡಾಲರ್ ದಂಡ ಬಿತ್ತು, ಗಿಲ್ಮೋರ್ ಕೆಲಸ ಹೋಯಿತು. ಮನೆಯಲ್ಲೇ ಅಡುಗೆ ಶುರು ಮಾಡಿ ಎಂದು ಬೆನ್ನು ತಟ್ಟಿ ಕೈಲಾದಷ್ಟು ಕೊಟ್ಟವರು ಕಿಂಗ್. ಮುಂದೆ ಆ ಮನೆಯ ಮೇಜಿನ ಸುತ್ತ ವಕೀಲರು, ಪಾದ್ರಿಗಳು, ಗುಮಾಸ್ತರು ಕೂತು ಉಂಡರು. ಲಿಂಡನ್ ಜಾನ್ಸನ್ ಕೂಡ ಬಂದಿದ್ದರು ಎಂಬ ಮಾತಿದೆ. ನನಗೆ ನಂಬಿಕೆ ಸಾಲದು, ಒಳ್ಳೆಯ ಅಡುಗೆಮನೆಗಳಿಗೆಲ್ಲ ಇಂಥ ಒಬ್ಬ ಅತಿಥಿ ಇರುತ್ತಾನೆ.

ಬಸ್ ಗೆದ್ದ ಮೇಲೂ ಆಕೆ ಸುಮ್ಮನಿರಲಿಲ್ಲ. ಬಿಳಿಯರ ಪಾರ್ಕಿನೊಳಗೆ ಹಾದುಬಂದದ್ದಕ್ಕೆ ಮಗನಿಗೆ ಪೊಲೀಸರಿಂದ ಏಟು ಬಿದ್ದಾಗ, ಇತರರ ಜೊತೆ ಸೇರಿ 1958ರ ಕೊನೆಯಲ್ಲಿ ಪಾರ್ಕುಗಳ ಮೇಲೆ ಮೊಕದ್ದಮೆ ಹಾಕಿದರು. ಎಲ್ಲರನ್ನೂ ಒಳಗೆ ಬಿಡುವ ಬದಲು ನಗರಾಡಳಿತ ಎಲ್ಲ ಪಾರ್ಕುಗಳಿಗೂ ಬೀಗ ಜಡಿಯಿತು, ಮೃಗಾಲಯದ ಪ್ರಾಣಿಗಳನ್ನು ಮಾರಿತು, ಈಜುಕೊಳಕ್ಕೆ ಮಣ್ಣು ತುಂಬಿತು. ಬಿಳಿಯರ ಮಕ್ಕಳಿಗೂ ಈಜು ತಪ್ಪಿತು. ಪಾರ್ಕುಗಳು ಮತ್ತೆ ತೆರೆದದ್ದು 1965ರಲ್ಲಿ. ‘ಗಿಲ್ಮೋರ್ ವಿರುದ್ಧ ಮಾಂಟ್ಗೊಮರಿ ನಗರ’ ಎಂಬ ಹೆಸರಿನಲ್ಲಿ ಆ ಮೊಕದ್ದಮೆಯ ಮುಂದುವರಿಕೆ 1974ರಲ್ಲಿ ಸುಪ್ರೀಂ ಕೋರ್ಟ್‌ವರೆಗೂ ಮುಟ್ಟಿತು. ಅಡುಗೆಯಾಕೆಯ ಹೆಸರು ಮುಂದೆ, ಊರಿನದು ಹಿಂದೆ.

1990ರ ಮಾರ್ಚ್‌ನಲ್ಲಿ, ಸೆಲ್ಮಾದಿಂದ ಮಾಂಟ್ಗೊಮರಿಗೆ ನಡೆದ ಪಾದಯಾತ್ರೆಯ ಇಪ್ಪತ್ತೈದನೇ ವರ್ಷಕ್ಕೆ ಮತ್ತೆ ನಡೆದುಬರುತ್ತಿದ್ದವರಿಗಾಗಿ ಗಿಲ್ಮೋರ್ ಬೆಳಗಿನಿಂದ ಕೋಳಿ, ಚೀಸ್ ಹಾಕಿದ ಮ್ಯಾಕರೋನಿ ಮಾಡುತ್ತಿದ್ದರು. ಅಂದೇ ತೀರಿಕೊಂಡರು. ನಮ್ಮಲ್ಲಾದರೆ ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಅಲ್ಲಿ ಹೊತ್ತಿಸುವ ಪ್ರಮೇಯವೇ ಬರಲಿಲ್ಲ. ದುಃಖ ಹಂಚಿಕೊಳ್ಳಲು ಬಂದವರಿಗೆಲ್ಲ ಮನೆಯವರು ಆಕೆ ಮಾಡಿಟ್ಟಿದ್ದನ್ನೇ ಬಡಿಸಿದರು.